ಬೀಳು ಹೊಲದ ಬಟ್ಟಮೇಕ

ಆನೆ ಬರಬಹುದಿತ್ತು. ಪಟ್ಟಿಯಲ್ಲಿ ಮೊದಲನೆಯದು ಅದೇ. ನಮ್ಮ ಹೊಸೂರು ಕಡೆ ಬೆಳಗಿನ ಜಾವ ಹೊಲಕ್ಕೆ ಹೊರಟ ಯಾರೇ ಆದರೂ ಮೊದಲು ನೆನೆಯುವುದು ಆನೆಯನ್ನು, ಆಮೇಲೆ ದೇವರನ್ನು. ರಾಗಿ ಕೊಯ್ಲು ಮುಗಿದು ತಿಂಗಳುಗಳೇ ಆಗಿದ್ದವು. ಹಿಂಡು ಕಾಡಿಗೆ ವಾಪಸಾಗಿದೆ ಎಂದು ಅಕ್ಕನ ಊರಿನ ವಾಟ್ಸಾಪ್ ಗುಂಪಿನಲ್ಲಿ ತಮಿಳಿನಲ್ಲಿ ಸುದ್ದಿಯೂ ಬಂದಿತ್ತು. ಆದರೆ ಹಿಂಡು ವಾಪಸಾಗಿದೆ ಎಂದರೆ ಒಂಟಿ ಆನೆಯೂ ವಾಪಸಾಗಿದೆ ಎಂದು ಅರ್ಥವಲ್ಲವಲ್ಲ.

ಎರಡನೆಯದು ಹಾವು. ಮೂರನೆಯದು, ಬೈಕು ರಾಯಕೋಟೆ ರಸ್ತೆಯಲ್ಲಿ ಪಂಕ್ಚರ್ ಆಗುವುದು. ನಾಲ್ಕನೆಯದು ಮಳೆ. ಐದನೆಯದು ಮಳೆ ಬಾರದೆ ಬಿಸಿಲೇರಿ ನನ್ನ ಬಿಪಿ ಅದರ ಜೊತೆ ಏರುವುದು. ಆರನೆಯದು ಹೊಟ್ಟೆ ಕೆಡುವುದು. ಏಳನೆಯದು, ಬಯಲಿನಲ್ಲಿ ಮರೆಯೇ ಇಲ್ಲದ ಕಡೆ ಹೊಟ್ಟೆ ಕೆಡುವುದು. ಇವೆರಡೂ ಬೇರೆ ಬೇರೆ ಸಮಸ್ಯೆಗಳೆಂದು ನನ್ನ ಅಭಿಪ್ರಾಯ. ಆಮೇಲೆ ಜೇನುನೊಣ, ಬೀದಿನಾಯಿ, ಕನ್ನಡಕದ ಮೇಲೆ ಇಬ್ಬನಿ. ನನ್ನ ಪ್ಯಾಂಟು ಟೋಪಿ ನೋಡಿದವರು ನಾನು ಯಾವುದೋ ಕಂಪನಿಗೆ ಜಮೀನು ಅಳೆಯಲು ಬಂದವನೆಂದು ತಿಳಿದು ಕಲ್ಲು ತೂರುವುದು. ಹಕ್ಕಿ ಬಾರದೇ ಹೋಗುವುದು. ಎಲ್ಲಕ್ಕಿಂತ ಕೆಟ್ಟದ್ದು ಹತ್ತೊಂಬತ್ತನೆಯದು: ಹಕ್ಕಿ ಬರುತ್ತದೆ, ಆದರೆ ಅದು ಹೆಣ್ಣು ನವಿಲಾಗಿರುತ್ತದೆ.

ಇದನ್ನೆಲ್ಲ ಮೊಬೈಲಿನಲ್ಲಿ ಅಂಕಿ ಹಾಕಿ ಬರೆದುಕೊಂಡಿದ್ದೆ. ಹೆಂಡತಿ ಇಣುಕಿ ನೋಡಿ, “ಹಕ್ಕಿ ನೋಡೋಕೆ ಹೋಗ್ತಿದೀರೋ, ಗಡಿ ಕಾಯೋಕೋ?” ಅಂದಳು. ನಾನು ಆನೆಗೆಂದು ತಂದಿದ್ದ ಪಟಾಕಿಯ ಪೊಟ್ಟಣವನ್ನು ಅವಳಿಗೆ ಕಾಣದಂತೆ ಚೀಲದ ತಳಕ್ಕೆ ತುರುಕಿದೆ.

ನನ್ನ ಕಸುಬೇ ಇಂಥದ್ದು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲಾರಿ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದೇನೆ. ಬಂದ ಪೀಸನ್ನು ಅಳತೆಯ ಗೇಜಿಗೆ ಹಾಕಿ ನೋಡಿ ಚೀಟಿ ಅಂಟಿಸಬೇಕು. ಹಸಿರು ಅಂದರೆ ಪಾಸು, ಕೆಂಪು ಅಂದರೆ ರಿಜೆಕ್ಟ್, ಹಳದಿ ಅಂದರೆ ಹೋಲ್ಡ್, ಅಂದರೆ ಇನ್ನೊಮ್ಮೆ ನೋಡೋಣ. ನಾನು ಅಂಟಿಸಿದಷ್ಟು ಹಳದಿ ಚೀಟಿಗಳನ್ನು ನಮ್ಮ ಪ್ಲಾಂಟಿನಲ್ಲಿ ಇನ್ನು ಯಾರೂ ಅಂಟಿಸಿಲ್ಲ. ನನ್ನ ಬೆನ್ನ ಹಿಂದೆ ನನಗೊಂದು ಹೆಸರಿದೆ. ಅದು ಅರಿಶಿನಕ್ಕೆ ಸಂಬಂಧಿಸಿದ್ದು.

ವಿಷಯ ಶುರುವಾದದ್ದು ಭಾವನ ಫೋನಿನಿಂದ. ಭಾವ ಅಂದರೆ ನನ್ನ ಅಕ್ಕನ ಗಂಡ. ರಾಯಕೋಟೆಯಿಂದ ಒಳಗೆ ಅವರ ಊರು, ಬೇಸಾಯ. ಆ ವಾರದ ನಡುವೆ ಒಂದು ಸಂಜೆ ಫೋನ್ ಮಾಡಿ, “ಬಾಮೈದ, ಭಾನುವಾರ ರಜಾ ತಾನೇ? ಬಂದ್ಬುಡು. ನಿಂಗೊಂದು ಹಕ್ಕಿ ತೋರುಸ್ಬೇಕು” ಅಂದರು.

“ಯಾವ ಹಕ್ಕಿ ಭಾವ?”

“ಹೆಸ್ರು ಯಾರಿಗ್ಗೊತ್ತು. ಮೇಕೆ ಮರಿಯಷ್ಟು ಎತ್ರ ಐತೆ. ಹಾರಾಕಿಲ್ಲ, ನಡೀತದೆ. ಬಂಡೆ ಹಿಂದುಗಡೆ ಬೀಳಲ್ಲಿ ಐತೆ.”

ಹಿಂದಿನಿಂದ ಅಕ್ಕನ ದನಿ ಕೇಳಿತು. “ನವಿಲು ಕಣ್ಲಾ ಅದು. ಹೆಣ್ಣು ನವಿಲು. ನಿಮ್ ಭಾವುಂಗೆ ಕನ್ನಡಕ ಬದಲಾಯ್ಸ್ಬೇಕು, ಅಷ್ಟೇಯ.”

ಆಮೇಲೆ ಇಬ್ಬರೂ ಫೋನು ಕಿತ್ತುಕೊಂಡು ಕಿತ್ತುಕೊಂಡು ಹೇಳಿದ್ದರಿಂದ ಗೊತ್ತಾದದ್ದು ಇಷ್ಟು. ಬಂಡೆಯ ಹಿಂದಿನ ನಾಲ್ಕು ಎಕರೆಗೆ ಎಷ್ಟೋ ವರ್ಷಗಳಿಂದ ನೇಗಿಲು ಬಿದ್ದಿರಲಿಲ್ಲ. ಬರೀ ಹುಲ್ಲು, ನಡುವೆ ಒಂದು ಜಾಲಿ ಮರ. ಈ ಸಲ ಬೇಸಗೆ ಮಳೆ ಚೆನ್ನಾಗಿ ಬಿದ್ದದ್ದರಿಂದ ಅದನ್ನು ಉಳುಮೆ ಮಾಡಿಸಿ ಕಡಲೆಕಾಯಿ ಹಾಕಬೇಕೆಂದು ಅಕ್ಕ ತೀರ್ಮಾನಿಸಿದ್ದಳು. ಟ್ರಾಕ್ಟರ್ ಸೋಮವಾರ ಬರುತ್ತದೆ. ಸುತ್ತಲ ನಾಲ್ಕು ಊರಿಗೂ ಅದೊಂದೇ ಟ್ರಾಕ್ಟರ್; ಸರದಿ ತಪ್ಪಿದರೆ ಮತ್ತೆ ಬರುವಷ್ಟರಲ್ಲಿ ಬಿತ್ತನೆಯ ಹದ ಮುಗಿದಿರುತ್ತದೆ. ಭಾವನ ಮಾತೇನೆಂದರೆ, ಆ ಹಕ್ಕಿ ಒಂದೇ ಜಾಗಕ್ಕೆ ಬಂದು ಬಂದು ಕೂರುತ್ತಿದೆ, ಅಲ್ಲಿ ಮೊಟ್ಟೆ ಇರಲೇಬೇಕು, ನೆಲದ ಮೇಲಿಟ್ಟ ಮೊಟ್ಟೆ, ಟ್ರಾಕ್ಟರ್ ಬಂದರೆ ಮುಗಿಯಿತು.

ಅಕ್ಕನಿಗೆ ಇದರಲ್ಲಿ ಹಕ್ಕಿಗಿಂತ ಹೆಚ್ಚಾಗಿ ಭಾವ ಕಾಣುತ್ತಿದ್ದರು. ಉಳುವ ಕೆಲಸ ಬಂದಾಗಲೆಲ್ಲ ಅವರಿಗೆ ಏನಾದರೂ ಕಾಣಿಸುತ್ತದೆ ಎಂಬುದು ಅವಳ ಮೂವತ್ತು ವರ್ಷದ ಅನುಭವ. ಒಂದು ವರ್ಷ ಬದುವಿನಲ್ಲಿ ನಾಗರಹಾವಿನ ಗೂಡು ಕಂಡಿತ್ತು. ಇನ್ನೊಂದು ವರ್ಷ ಕೊಟ್ಟಿಗೆಯ ಹಿಂದೆ ಚಿರತೆ ಕಂಡು ಊರೆಲ್ಲ ದೊಣ್ಣೆ ಹಿಡಿದು ಬಂದು, ಕೊನೆಗೆ ಅದು ಮೇಷ್ಟ್ರ ಮನೆಯ ಕಂದು ನಾಯಿ ಎಂದು ತಿಳಿದಿತ್ತು.

ಕಡೆಗೆ ಇಬ್ಬರೂ ಒಪ್ಪಿದ ತೀರ್ಪುಗಾರ ನಾನು. ಕಾರಣವನ್ನು ಅಕ್ಕ ನನ್ನ ಕಿವಿಗೆ ಬೀಳುವಂತೆಯೇ ಹೇಳಿದಳು: “ನನ್ ತಮ್ಮ ಮಳೇಲಿ ನೆಂದು ತೊಪ್ಪೆಯಾಗಿದ್ರೂ ಕೈ ಚಾಚಿ ಇನ್ನೊಂದ್ ಸಲ ನೋಡ್ದೆ ಮಳೆ ಅಂತ ಹೇಳೋನಲ್ಲ. ಅವ್ನು ಹೌದು ಅಂದ್ರೆ ಟ್ರಾಕ್ಟರು ಬರೀ ಕೆಳಗಿನ ಹೊಲ ಉತ್ಕಂಡ್ ಹೋಗ್ಲಿ. ಅಲ್ಲ ಅಂದ್ರೆ ಬೀಳು ಉಳ್ತದೆ. ಆಮೇಲೆ ಯಾರೂ ಉಸುರು ಬುಡಂಗಿಲ್ಲ.”

ಶನಿವಾರ ಸಂಜೆ ಹೊರಟೆ. ಬೈಕು ಪಂಕ್ಚರ್ ಆಗಲಿಲ್ಲ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ಬೆಂಗಳೂರಿನಿಂದ ಮೊಳದುದ್ದದ ಕ್ಯಾಮೆರಾಗಳು ಕಾರು ತುಂಬಿಕೊಂಡು ಬರುತ್ತವೆ ಎಂಬುದು ನನ್ನ ಸದ್ಯದ ಚಿಂತೆ. ರಾಯಕೋಟೆ ಬಸ್ ನಿಲ್ದಾಣದಲ್ಲಿ ಇಳಿದು ಯಾವ ಕಡೆ ತಿರುಗಬೇಕೆಂದೂ ಹೇಳುವುದಿಲ್ಲ.

ಭಾನುವಾರ ಇನ್ನೂ ನಸುಕಿದ್ದಾಗಲೇ ಅಕ್ಕ ಮೂರು ಅಂತಸ್ತಿನ ಕ್ಯಾರಿಯರ್ ಕಟ್ಟಿಕೊಟ್ಟಳು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ, ಮೇಲಿನ ಡಬ್ಬಿಯಲ್ಲಿ ಮಾವಿನ ಹೋಳು. ಆ ಕ್ಯಾರಿಯರ್ ಅವಳ ಗೃಹಪ್ರವೇಶಕ್ಕೆ ನಾನೇ ಉಡುಗೊರೆ ಕೊಟ್ಟದ್ದು. ಮುಚ್ಚಳದ ಮೇಲೆ ‘ತಮ್ಮನಿಂದ’ ಎಂದು ತಮಿಳಿನಲ್ಲಿ ಕೊರೆದಿದೆ. ಕೃಷ್ಣಗಿರಿಯ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವಾತನಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಕನಿಗೆ ಅದರ ಮೇಲೆ ವಿಪರೀತ ಮೋಹ. ಬೇರೆ ಪಾತ್ರೆಗಳನ್ನು ಬೂದಿಯಲ್ಲಿ ತಿಕ್ಕುವವಳು ಅದನ್ನು ಮಾತ್ರ ಗೀರು ಬೀಳದಂತೆ ಸೋಪಿನಲ್ಲೇ ತೊಳೆಯುತ್ತಾಳೆ.

“ನೋಡ್ಲಾ,” ಅಂದಳು. “ಭಾವ ಬೇಜಾರ್ ಮಾಡ್ಕಂತಾರೆ ಅಂತ ಸುಳ್ ಹೇಳ್ಬೇಡ. ನವಿಲು ಅಂದ್ರೆ ನವಿಲು ಅನ್ನು.”

ಭಾವ ಅಂಗಳದಲ್ಲಿ ಚಪ್ಪಲಿ ಹುಡುಕುವ ನೆವದಲ್ಲಿ ಎಲ್ಲ ಕೇಳಿಸಿಕೊಂಡರು.

ಜಾಲಿ ಮರದ ಬುಡ ತಲುಪಿದಾಗ ಬೆಳಕು ಹರಿಯುತ್ತಿತ್ತು. ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಅಲ್ಲಿ ನಮ್ಮಿಬ್ಬರ ನಡುವೆ ಮೊದಲ ಭಿನ್ನಾಭಿಪ್ರಾಯ ಹುಟ್ಟಿತು. ಭಾವ ಬಂಡೆಯ ಕಡೆಗೆ ಮುಖ ಮಾಡಿ ಕೂತರು. ನಾನು ಕಾಡಿನ ಕಡೆಗೆ ಮುಖ ಮಾಡಲೇಬೇಕೆಂದೆ.

“ಹಕ್ಕಿ ಬಂಡೆ ಕಡೆಯಿಂದ ಬತ್ತದೆ ಕಣಯ್ಯ.”

“ಆನೆ ಕಾಡಿನ ಕಡೆಯಿಂದ ಬತ್ತದೆ ಭಾವ.”

“ಆನೆ ಬಂದ್ರೆ ಸದ್ದಾಗ್ತದೆ.”

“ಒಂಟಿ ಆನೆ ಸದ್ದು ಮಾಡಲ್ಲ. ನಾನು ಓದಿದೀನಿ.”

ಓದಿದವರೊಡನೆ ವಾದ ಮಾಡಬಾರದೆಂದು ಭಾವ ನಂಬಿದ್ದಾರೆ. ನಿಟ್ಟುಸಿರು ಬಿಟ್ಟು ತಾವೂ ಕಾಡಿನ ಕಡೆಗೆ ತಿರುಗಿದರು. ನನ್ನ ಮೊಬೈಲನ್ನು ಮೂರನೆಯ ಸಲ ಪರೀಕ್ಷಿಸಿ ಸೈಲೆಂಟ್‌ಗೆ ಹಾಕಿದೆ. ಹಾವಿಗೆಂದು ಸುತ್ತಲ ಹುಲ್ಲನ್ನು ಕೋಲಿನಿಂದ ತಟ್ಟಿದೆ. ಹೀಗೆ ಎಲ್ಲ ಎಚ್ಚರಿಕೆ ಮುಗಿಯುವಷ್ಟರಲ್ಲಿ ಹಸಿವಾಯಿತು. ಮೇಲಿನ ಡಬ್ಬಿ ಬಿಚ್ಚಿದೆ. ಆಗ ತಾನೇ ಎದ್ದ ಬಿಸಿಲು ಸ್ಟೀಲ್ ಮುಚ್ಚಳಕ್ಕೆ ಬಡಿದು ಒಂದು ಬೆಳಕಿನ ಬಿಲ್ಲೆ ಎದುರಿನ ಹುಲ್ಲಿನ ಮೇಲೆಲ್ಲ ಓಡಾಡಿತು.

“ಹೊಳೀತದೆ, ಹಕ್ಕಿ ಹೆದ್ರುತದೆ,” ಅಂದರು ಭಾವ ಪಿಸುಮಾತಿನಲ್ಲಿ.

ಮುಚ್ಚಳವನ್ನು ಒಂದು ಹುಲ್ಲಿನ ಬುಡದೊಳಗೆ ತುರುಕಿ, ಮೇಲೆ ಒಂದು ಹಿಡಿ ಒಣಹುಲ್ಲು ಹಾಕಿದೆ. ನನ್ನ ಈ ಮುಂದಾಲೋಚನೆಗೆ ಭಾವ ತಲೆದೂಗಿದರು.

ಮಾವಿನ ಹೋಳು ಬಾಯಲ್ಲಿದ್ದಾಗಲೇ ಹುಲ್ಲಿನ ಮೇಲೆ ಒಂದು ಬಿಳಿಯ ತಲೆ ಎದ್ದು ಬಾಗಿತು. ಭಾವನ ತೋಳು ಗಟ್ಟಿಯಾಗಿ ಹಿಡಿದೆ. ಮತ್ತೆ ಎದ್ದಿತು, ಮತ್ತೆ ಬಾಗಿತು. ನಿಜಕ್ಕೂ ಗಂಭೀರವಾದ ಹಕ್ಕಿ.

“ಅದು ನಾನೇ ಕಟ್ಟಿರೋ ಯೂರಿಯಾ ಚೀಲ,” ಅಂದರು ಭಾವ. “ಗಾಳಿಗೆ ಆಡ್ತೈತೆ. ಗಡಿ ಗುರ್ತು.”

ಸ್ವಲ್ಪ ಹೊತ್ತಿಗೆ ನಿಜವಾದ ಹಕ್ಕಿಗಳೇ ಬಂದವು. ಮೂರು. ಸಾಲಾಗಿ, ಸಂತೆಗೆ ಹೊರಟ ಓರಗಿತ್ತಿಯರಂತೆ ಒಂದರ ಹಿಂದೊಂದು. ತಲೆಯ ಮೇಲೆ ಪುಟ್ಟ ಜುಟ್ಟು, ಕತ್ತಿನಲ್ಲಿ ಹಸಿರು ಹೊಳಪು. ಮೂರೂ ಹೆಣ್ಣು ನವಿಲುಗಳು. ಈಗೀಗ ನಮ್ಮ ಕಡೆ ಕೋಳಿಗಿಂತ ನವಿಲೇ ಹೆಚ್ಚು. ಹತ್ತೊಂಬತ್ತನೆಯದು, ಅದೂ ಮೂರು ಪಾಲು.

ಭಾವನ ಕಡೆ ನೋಡಲು ಸಂಕೋಚವಾಗಿ ಮೊಸರನ್ನದ ಡಬ್ಬಿ ಬಿಚ್ಚತೊಡಗಿದೆ.

“ಇವಲ್ಲ,” ಅಂದರು.

“ಸರಿ ಭಾವ.”

“ಇವಲ್ಲ ಕಣ್ಲಾ. ನವಿಲು ನಂಗೆ ಗೊತ್ತಾಗಾಕಿಲ್ವಾ?” ಹುಲ್ಲಿನ ಗರಿಯೊಂದನ್ನು ಕಿತ್ತು ಸೀಳತೊಡಗಿದರು. “ಆ ನಾಯಿ ವಿಸ್ಯದಾಗೆ ತಪ್ಪು ನಂದೇ. ಕತ್ಲಾಗಿತ್ತು. ಆದ್ರೆ ಅವತ್ತಿಂದ ನಾನ್ ಏನ್ ಹೇಳಿದ್ರೂ ನಿಮ್ಮಕ್ಕ ಮೊದ್ಲು ನಗ್ತಾಳೆ, ಆಮೇಲೆ ಕೇಳ್ತಾಳೆ. ನಗ್ಲಿ, ಬ್ಯಾಡ ಅನ್ನಾಕಿಲ್ಲ. ಈ ಒಂದ್ ಸಲ ಮೊದ್ಲು ಕೇಳಿದ್ರೆ ಸಾಕಾಗಿತ್ತು. ನನ್ ಮಾತಿಂದು ಬುಡು, ಅಲ್ಲಿ ಅದು ಕುಂತೈತಲ್ಲ, ಅದುಕ್ಕೆ ನಾಳೆ ಟ್ರಾಕ್ಟರ್ ಬತ್ತದೆ ಅಂತ ಗೊತ್ತಾ?”

ನನ್ನ ಮನಸ್ಸಿನಲ್ಲಿ ಆಗಲೇ ಹಳದಿ ಚೀಟಿ ಸಿದ್ಧವಾಗುತ್ತಿತ್ತು. ಬೆಳಕು ಸಾಲಲಿಲ್ಲ ಅಕ್ಕ, ನವಿಲೂ ಇದ್ದವು, ಇನ್ನೊಂದೂ ಇದ್ದಿರಬಹುದು, ಮುಂದಿನ ವಾರ ಇನ್ನೊಮ್ಮೆ ನೋಡೋಣ. ಆದರೆ ಟ್ರಾಕ್ಟರಿಗೆ ಮುಂದಿನ ವಾರವಿಲ್ಲ. ಹೋಲ್ಡ್ ಅಂದರೂ ಸೋಮವಾರ ಅದು ಕೆಂಪೇ.

ಅಷ್ಟರಲ್ಲಿ ಪಕ್ಕದ ಬದುವಿನ ಕಡೆಯಿಂದ, ಯಾರದು ಎಂದು ತೆಲುಗಿನಲ್ಲಿ ಕೇಳುವ ಒಂದು ಹೆಣ್ಣು ದನಿ ಬಂತು. “ಎವರಯ್ಯಾ ಅದಿ?”

ತಿರುಗಿದರೆ ಒಬ್ಬ ಮುದುಕಿ. ಕೈಯಲ್ಲಿ ಕೋಲು, ಹಿಂದೆ ಎಂಟು ಹತ್ತು ಮೇಕೆ. ನನ್ನ ಟೋಪಿ, ಕೊರಳಿಗೆ ನೇತುಹಾಕಿದ್ದ ದುರ್ಬೀನು, ಬೂಟು, ಎಲ್ಲವನ್ನೂ ನಿಧಾನವಾಗಿ ಪರಿಶೀಲಿಸಿ ತೆಲುಗಿನಿಂದ ಕನ್ನಡಕ್ಕೆ ಬಂದಳು. “ಅಳೆಯಾಕ್ ಬಂದ್ಯಾ? ಕಂಪ್ನಿಗೆ ಜಾಗ ನೋಡಾಕಾ? ಕಲ್ ಗಿಲ್ ನೆಟ್ಟೀಯ, ಜೋಪಾನ.” ಕೋಲು ನೆಲ ಬಿಟ್ಟು ಮೇಲೆದ್ದಿತ್ತು.

“ಏ ಅವ್ವ, ನಮ್ ಬಾಮೈದ ಕಣವ್ವ,” ಅಂದರು ಭಾವ.

“ನಿನ್ ಬಾಮೈದ್ನಾ?” ಕೋಲು ಇಳಿಯಿತು. ಕನಿಕರ ಏರಿತು. “ಮತ್ಯಾಕಪ್ಪ ಹಿಂಗೆ ಬಿದ್ದವ್ನೆ, ಮೈಗೆ ಹುಸಾರಿಲ್ವಾ?”

“ಹಕ್ಕಿ ನೋಡಾಕ್ ಬಂದವ್ನೆ.”

“ಯಾವ್ದು, ಬಟ್ಟಮೇಕಾನಾ?” ಮುದುಕಿ ಗದ್ದ ಎತ್ತಿ ಬಂಡೆಯ ಕಡೆ ತೋರಿಸಿದಳು. “ಅದುನ್ನ ನೋಡಾಕೆ ಬಂದೋರು ಅದುಕ್ಕೆ ಬೆನ್ನು ಮಾಡ್ಕಂಡು ಯಾಕ್ ಕುಂತಿದೀರಿ?”

ನಾವಿಬ್ಬರೂ ಒಟ್ಟಿಗೆ ತಿರುಗಿದೆವು.

ಬಂಡೆಯ ಈಚೆಗೆ, ನಮ್ಮಿಂದ ನೂರು ಹೆಜ್ಜೆಯೂ ಇಲ್ಲದ ಕಡೆ, ಅದು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ. ಮೊದಲು ಕಂಡದ್ದು ಕತ್ತು. ಉದ್ದನೆಯ, ಬೂದಿ ಬೆರೆಸಿದ ಬಿಳಿಯ ಕತ್ತು. ಅದರ ತುದಿಯಲ್ಲಿ ಚಪ್ಪಟೆಯಾದ ಪುಟ್ಟ ಕಪ್ಪು ಟೋಪಿ ಇಟ್ಟಂಥ ತಲೆ. ಜುಟ್ಟಿಲ್ಲ. ಹಸಿರಿಲ್ಲ. ಬೆನ್ನೆಲ್ಲ ಒಣಹುಲ್ಲಿನ ಬಣ್ಣ. ಕಾಲುಗಳು ಗಟ್ಟಿಯಾಗಿ, ನಡೆದು ನಡೆದು ಹುರಿಗೊಂಡ ಕಾಲುಗಳು. ಕೊಕ್ಕನ್ನು ತುಸು ಮೇಲಕ್ಕೆತ್ತಿ, ತಡವಾಗಿ ಬಂದವರ ಹಾಜರಿ ತೆಗೆದುಕೊಳ್ಳುವ ಹೆಡ್ಮೇಷ್ಟ್ರ ಹಾಗೆ ನಮ್ಮತ್ತ ನೋಡುತ್ತಿತ್ತು. ಆ ಮೂರು ನವಿಲುಗಳು ಅಲ್ಲೇ ಪಕ್ಕದಲ್ಲಿ ಹಾದುಹೋದವು. ಅಳತೆಗೆ ಅವಕ್ಕಿಂತ ಒಳ್ಳೆಯ ಗೇಜು ನನಗೆ ಯಾವ ಕಾರ್ಖಾನೆಯಲ್ಲೂ ಸಿಗುತ್ತಿರಲಿಲ್ಲ. ಈ ಹಕ್ಕಿಯ ಮುಂದೆ ಅವು ಮನೆಗೆಲಸದ ಮಧ್ಯೆ ಹೊರಗೆ ಬಂದವರಂತೆ ಕಂಡವು.

ಅದು ಒಂದು ಹೆಜ್ಜೆ ಇಟ್ಟಿತು. ನಿಂತಿತು. ಇನ್ನೊಂದು ಹೆಜ್ಜೆ. ಯಾವುದಕ್ಕೂ ಅವಸರವಿಲ್ಲ. ಮುದುಕಿಯ ಮೇಕೆಯೊಂದು ಹತ್ತಿರ ಹೋದರೆ ಅದನ್ನೂ ಒಮ್ಮೆ ನೋಡಿ, ದಾರಿ ಬಿಟ್ಟುಕೊಟ್ಟು, ಮುಂದೆ ನಡೆಯಿತು. ದುರ್ಬೀನು ನನ್ನ ಕೊರಳಲ್ಲೇ ಇತ್ತು. ಮೊಬೈಲು ಜೇಬಿನಲ್ಲೇ ಇತ್ತು. ಎರಡೂ ನೆನಪಾಗಲಿಲ್ಲ. ನನ್ನ ಜೀವನದಲ್ಲಿ ಮುಂದೇನಾದೀತು ಎಂದು ಯೋಚಿಸದೆ ಕಳೆದ ನಿಮಿಷಗಳನ್ನು ಯಾರಾದರೂ ಕೇಳಿದರೆ ಇನ್ನು ಮುಂದೆ ಇವನ್ನು ಹೇಳಬಹುದು.

ಆಮೇಲೆ ಅದು ಒಂದು ಕಡೆ ನಿಂತು, ಕತ್ತು ಸುತ್ತ ತಿರುಗಿಸಿ, ಮೊಣಕಾಲು ಮಡಚಿ ಕೂತಿತು. ಕೂತದ್ದೇ ತಡ, ಇಲ್ಲ. ಹುಲ್ಲು ಮಾತ್ರ.

“ಅಲ್ಲೇ,” ಅಂದರು ಭಾವ. “ದಿನಾ ಅಲ್ಲೇ ಕುಂತ್ಕಳೋದು.”

“ಮಳೆ ಬಿದ್ದಾಗ್ಲಿಂದ ಐತೆ,” ಅಂದಳು ಮುದುಕಿ. “ನಮ್ ಅಜ್ಜಿ ಕಾಲ್ದಾಗೆ ಬೇಕಾದಷ್ಟಿದ್ವಂತೆ. ನಾನ್ ಚಿಕ್ಕೋಳಿದ್ದಾಗ ಒಂದ್ ಸಲ ನೋಡಿದ್ದೆ. ಈಗ ಇದೇಯ.”

“ಮತ್ತೆ ಯಾರ್ಗೂ ಹೇಳ್ಲಿಲ್ವಾ ಅವ್ವ?” ಅಂದೆ.

“ಯಾರ್ ಕೇಳಿದ್ರು?” ಅಂದು ಮೇಕೆಗಳನ್ನು ಹೊಡೆದುಕೊಂಡು ಬದುವಿನ ಆಚೆ ಹೋದಳು.

ಆಮೇಲೆ ಮೊಬೈಲಿನಲ್ಲಿ ಚಿತ್ರ ಹುಡುಕಿ ಹೋಲಿಸಿದೆ. ತೆಲುಗಿನಲ್ಲಿ ಬಟ್ಟಮೇಕ ಎನ್ನುವ ಇದನ್ನು ಬಳ್ಳಾರಿ ಕಡೆ ಎರ್ಲಡ್ಡು ಎನ್ನುತ್ತಾರಂತೆ. ಈಗ ದೇಶದಲ್ಲೇ ಬೆರಳೆಣಿಕೆಯಷ್ಟು ಉಳಿದಿವೆ ಎಂದಿತ್ತು. ನಮ್ಮ ಕಡೆ ಇರುವ ಸಾಧ್ಯತೆಯೇ ಇಲ್ಲ ಎಂದೂ ಇತ್ತು. ಅಂದರೆ ಅಲ್ಲಿ ಬರೆದದ್ದರ ಪ್ರಕಾರ ಅದು ರಿಜೆಕ್ಟ್. ಭಾವನಿಗೆ ಇದನ್ನು ಓದಿ ಹೇಳಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಮಾಲು ತಂದು ಚೀಟಿಯ ಬಣ್ಣಕ್ಕಾಗಿ ಕಾಯುವ ಸಪ್ಲೈಯರ್‌ಗಳು ನೋಡುವ ಹಾಗೆ. ಹಕ್ಕಿ ಏಳುವ ಮುಂಚೆ ಜಾಗ ಬಿಡೋಣ ಎಂದು ಡಬ್ಬಿಗಳನ್ನು ಸದ್ದಾಗದಂತೆ ಒಂದರ ಮೇಲೊಂದು ಪೇರಿಸಿ, ಬಗ್ಗಿಕೊಂಡೇ ಹೊರಬಂದೆವು.

ಅಕ್ಕ ಅಂಗಳದಲ್ಲಿ ಅವರೆಕಾಳು ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. “ಏನಂತೆ?”

ಭಾವ ನೇರ ನಲ್ಲಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ಕಾಲು ತೊಳೆಯತೊಡಗಿದರು. ಎರಡು ಕಾಲಿಗೆ ಅಷ್ಟು ನೀರು ಬೇಕಿರಲಿಲ್ಲ.

ನನ್ನ ಬಾಯಿ ಅಭ್ಯಾಸಬಲದಿಂದ ‘ಒಂದು ರೀತಿಯಲ್ಲಿ ನೋಡಿದರೆ’ ಎಂದು ಶುರುಮಾಡಲು ತೆರೆದಿತ್ತು. ನೀರಿನ ಸದ್ದು ಕೇಳಿಸಿತು. ಬಾಯಿ ಮುಚ್ಚಿ, ಮತ್ತೆ ತೆರೆದೆ.

“ಹೌದಕ್ಕ. ನೋಡ್ದೆ. ನವಿಲಲ್ಲ.”

ಮೊರ ನಿಂತಿತು. “ಎರಡ್ ಸಲ ನೋಡ್ದ್ಯಾ?”

“ಒಂದೇ ಸಲ. ಸಾಕಾಯ್ತು.”

ಅಕ್ಕ ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಅವಳು ನಲ್ಲಿಯ ಕಡೆ ತಿರುಗಿ, ಗೋಡೆಗೆ ಹೇಳುವಂತೆ ಹೇಳಿದಳು: “ಟ್ರಾಕ್ಟರ್‌ನೋನಿಗೆ ಫೋನ್ ಮಾಡಿ, ಕೆಳಗಿನ ಹೊಲ ಅಷ್ಟೇಯ ಅಂತ ಹೇಳಿ. ಕಡ್ಲೆಕಾಯಿ ಮುಂದಿನ್ ವರ್ಷ ನೋಡಾನ.” ಮತ್ತೆ ಮೊರ ಎತ್ತಿಕೊಂಡು, “ಹೆಂಗೈತೆ ಅದು? ನಂಗೂ ಒಂದ್ ದಿನ ದೂರದಿಂದ ತೋರ್ಸಿ” ಅಂದಳು.

ನಲ್ಲಿ ನಿಂತಿತು. ಭಾವ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು, ತೊಳೆದದ್ದು ಕಾಲನ್ನಾದರೂ. ಕೂತು ಒಂದು ಲೋಟ ಕಾಫಿ ಕುಡಿದ ಮೇಲೆ ಧೈರ್ಯ ಬಂದು, “ಹಂಗಾದ್ರೆ ಅವತ್ತಿನ್ ಚಿರತೆ ವಿಸ್ಯಾನೂ ಒಂಚೂರು...” ಎಂದು ಶುರುಮಾಡಿದರು.

“ಅದು ನಾಯಿ,” ಅಂದಳು ಅಕ್ಕ.

ಮಧ್ಯಾಹ್ನದೊಳಗೆ ಭಾವ ಬೀಳಿನ ದಾರಿಗೆ ಮುಳ್ಳು ಎಳೆದು ಬಂದರು. ಹಕ್ಕಿ ತಾನಾಗಿ ಏಳುವ ತನಕ ಒಳಗೆ ಯಾರೂ ಕಾಲಿಡಬಾರದೆಂದು ಅಪ್ಪಣೆಯಾಯಿತು. ಮುದುಕಿಯ ಮೇಕೆಗಳು ಬದುವಿನ ಆಚೆಗಷ್ಟೇ. ಅಕ್ಕ ಕೂಡ ಬಂಡೆಯ ಮೇಲಿನಿಂದಲೇ ನೋಡಬೇಕು. ಅಷ್ಟು ಖಡಕ್ಕಾಗಿ ಭಾವ ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದೆ. ಅಕ್ಕ ನಗದೆ ಕೇಳಿದ್ದನ್ನೂ.

ಆನೆ ಬರಲಿಲ್ಲ, ಹಾವು ಕಾಣಲಿಲ್ಲ, ಹೊಟ್ಟೆ ಕೆಡಲಿಲ್ಲ. ನಾನು ಪಟ್ಟಿ ತೆಗೆದು ಹತ್ತೊಂಬತ್ತಕ್ಕೂ ಅಡ್ಡಗೆರೆ ಎಳೆಯುತ್ತ ಬೈಕಿನ ಹತ್ತಿರ ನಿಂತಿದ್ದಾಗ ಅಡುಗೆಮನೆಯಿಂದ ಅಕ್ಕ ಕ್ಯಾರಿಯರ್ ಹಿಡಿದು ಹೊರಗೆ ಬಂದಳು. ಸೋಪಿನ ನೊರೆ ಅವಳ ಮೊಣಕೈವರೆಗಿತ್ತು.

“ಇದ್ರ ಮುಚ್ಚಳ ಎಲ್ಲೋ?”

ನಾನು ಭಾವನನ್ನು ನೋಡಿದೆ. ಭಾವ ಮುಳ್ಳು ಎಳೆದ ದಾರಿಯ ಕಡೆ ನೋಡಿ, ತಲೆ ಅಡ್ಡಡ್ಡ ಆಡಿಸಿದರು. ಅಕ್ಕ ನನ್ನ ಚೀಲವನ್ನು ಅಂಗಳದಲ್ಲಿ ಸುರಿದು ಹುಡುಕಿದಾಗ ತಳದಿಂದ ಬಿದ್ದದ್ದು ಪಟಾಕಿಯ ಪೊಟ್ಟಣ ಮಾತ್ರ.

ಇದನ್ನು ಬರೆಯುವ ಹೊತ್ತಿಗೂ ಹಕ್ಕಿ ಅಲ್ಲೇ ಇದೆ. ಮುಚ್ಚಳವೂ ಅಲ್ಲೇ ಇದೆ, ಹುಲ್ಲಿನ ಬುಡದಲ್ಲಿ, ಜೋಪಾನವಾಗಿ. ನಾನು ಹೋದಾಗಲೆಲ್ಲ ಅಕ್ಕ ಮೇಲಿನ ಡಬ್ಬಿಗೆ ಬಾಳೆ ಎಲೆ ಮುಚ್ಚಿ, ದಾರ ಸುತ್ತಿ ಕೊಡುತ್ತಾಳೆ. ಕೊಡುವಾಗ ಮುದುಕಿಗೋ, ಮೇಕೆಗೋ, ಯಾರು ಸಿಕ್ಕರೆ ಅವರಿಗೆ ಹೇಳುತ್ತಾಳೆ: “ಆನೆಗೆ ಅಂತ ಪಟಾಕಿ ಕಟ್ಕಂಡ್ ಹೋದೋನು, ಮುಚ್ಚಳ ಬುಟ್ಬುಟ್ಟು ಬಂದ.”